ಸಾವಕಾಶ ಬರ್ರಿ

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಅವರ ಸ್ಕೂಟರಿನ ಹಿಂದೆ ಸಿಕ್ಕಿಕೊಂಡ ಆಟೋದವರು ಹಾರ್ನ್ ಹೊಡೆಯುತ್ತಿರಲಿಲ್ಲ. ಹೊಡೆದು ಉಪಯೋಗವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಾಲು ನೆಲಕ್ಕೆ ತಾಗುವಷ್ಟು ಇಳಿಬಿಟ್ಟು ಅವರು ರಸ್ತೆಯ ನಡುವೆಯೇ ಹೋಗುತ್ತಿದ್ದರು. ಸೈಕಲ್ಲಿನವರು ದಾಟಿ ಮುಂದೆ ಹೋಗುತ್ತಿದ್ದರು. ಒಮ್ಮೆ ಒಬ್ಬ ಆಟೋದವನು ಪಕ್ಕಕ್ಕೆ ಬಂದು, "ಬಾಯಾರ, ಗಾಡಿ ಕೆಟ್ಟೈತೇನ್ರಿ? ದೂಡಲೇನು?" ಎಂದು ಕೇಳಿದನಂತೆ. ಇವರು ಅವನ ಕಡೆ ತಿರುಗಿಯೂ ನೋಡದೆ, "ನಂದು ಕೆಟ್ಟಿಲ್ಲಪಾ. ನಿಂದ ಯಾಕೋ ಭಾಳ ಒದರಾಕತ್ತೈತಿ, ತೋರಿಸ್ಕೋ" ಅಂದರಂತೆ.

ಅವರು ಡಾಕ್ಟರು. ಸರಕಾರಿ ದವಾಖಾನೆಯಲ್ಲಿ ಬಹಳ ವರ್ಷ ಇದ್ದು, ನಿವೃತ್ತಿಯಾದ ಮೇಲೆ ತಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ವಯಸ್ಸಾದವರನ್ನು ಮಾತ್ರ ನೋಡುತ್ತಿದ್ದರು. ಕೋಣೆಯ ಪಕ್ಕದಲ್ಲೇ ಅವರ ಯಜಮಾನರ ಔಷಧ ಅಂಗಡಿ. ನನ್ನ ಡೈರಿಯಲ್ಲಿ ಅವರ ಹೆಸರು ಒಂದು ಕಡೆಯೂ ಇಲ್ಲ, ಊರವರು ಕರೆಯುವಂತೆ "ಬಾಯಾರು" ಎಂದಷ್ಟೇ ಇದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರು ತೀರಿಕೊಂಡು ಇನ್ನೂ ಬಹಳ ದಿನವಾಗಿಲ್ಲ. ಅವರ ಬಗ್ಗೆ ಬರೆಯುವ ಹಕ್ಕು ನನಗಿದೆಯೇ ಎಂಬ ಅನುಮಾನದಿಂದಲೇ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಒಂದು ಬೀಜದ ಕಂಪನಿಯ ಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು, ಸುತ್ತಿ, ಗೊತ್ತುಪಡಿಸಿದ ದಿನಕ್ಕೆ ಬಿಚ್ಚಿ, ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ಎಣಿಸುವುದು ನನ್ನ ಕೆಲಸ. ಎಣಿಸುವ ಚಟ ಮನೆಗೂ ಬಂದಿದೆ. ಹಾಲು ಎಷ್ಟು ಬಂತು, ನೀರು ಯಾವಾಗ ಬಿಟ್ಟರು, ಕರೆಂಟ್ ಎಷ್ಟು ಹೊತ್ತು ಹೋಯಿತು, ಎಲ್ಲ ಬರೆದಿಡುತ್ತೇನೆ. ಅಪ್ಪ ಅವ್ವ ಇಬ್ಬರೂ ನೌಕರಿಯಲ್ಲಿ ಇರುವುದರಿಂದ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ದವಾಖಾನೆಯ ಓಡಾಟ ನನ್ನ ಪಾಲಿಗೆ ಬಂತು. "ನೀ ಎಲ್ಲಾ ಬರದಿಡತಿ, ನಿನಗ ಸರಿ ಹೊಂದತೈತಿ" ಅಂದರು ಅಪ್ಪ.

ಆಯಿಯನ್ನು ಬಾಯಾರ ಹತ್ತಿರ ಮೊದಲ ಸಲ ಕರೆದುಕೊಂಡು ಹೋದಾಗ ಅವಳು ದಿನಕ್ಕೆ ಹನ್ನೊಂದು ಗುಳಿಗೆ ನುಂಗುತ್ತಿದ್ದಳು. ತಲೆ ತಿರುಗಿ ಎರಡು ಸಲ ಬಚ್ಚಲಲ್ಲಿ ಬಿದ್ದಿದ್ದಳು. ಹಗಲೆಲ್ಲ ತೂಕಡಿಸುತ್ತಿದ್ದಳು. ಮಾತು ಕಡಿಮೆಯಾಗಿತ್ತು. ವಯಸ್ಸಾಯಿತು, ಇನ್ನು ಹೀಗೇ ಎಂದು ನಾವೆಲ್ಲ ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು.

ಆಟೋದಿಂದ ಇಳಿಯುವಾಗಲೇ ಬಾಯಾರು ಬಾಗಿಲಿಗೆ ಬಂದು ನಿಂತಿದ್ದರು. ನಾನು ಆಯಿಯ ರಟ್ಟೆ ಹಿಡಿದು, "ಲಗೂ ನಡಿ ಆಯಿ, ಡಾಕ್ಟರು ಕಾಯಾಕತ್ತಾರ" ಅಂದೆ. ಬಾಯಾರು ಮೆಟ್ಟಿಲಿಳಿದು ಬಂದು ನನ್ನ ಕೈ ಬಿಡಿಸಿದರು.

"ಸಾವಕಾಶ ಬರ್ರಿ. ನನಗೇನೂ ರೈಲು ಹಿಡಿಯೂದಿಲ್ಲ."

ಆಯಿಯ ಮೊಣಕೈ ಕೆಳಗೆ ತಮ್ಮ ಅಂಗೈ ಇಟ್ಟು, ಹಿಡಿಯದೆ, ಬರೀ ಇಟ್ಟು, ಅವಳ ನಡಿಗೆಗೆ ತಮ್ಮ ನಡಿಗೆ ಕೂಡಿಸಿ ಒಳಗೆ ಕರೆದುಕೊಂಡು ಹೋದರು. ಅದು ಗೌರವಕ್ಕೆ ಮಾಡುವ ಕೆಲಸ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರ ಪರೀಕ್ಷೆ ಬಾಗಿಲಲ್ಲೇ ಶುರುವಾಗಿರುತ್ತಿತ್ತು. ಕಾಲು ಎಲ್ಲಿ ತಡವರಿಸುತ್ತದೆ, ತಿರುಗುವಾಗ ಕೈ ಏನನ್ನು ಹುಡುಕುತ್ತದೆ, ಮಾತಾಡಿಸಿದರೆ ನಡಿಗೆ ನಿಲ್ಲುತ್ತದೆಯೇ, ಎಲ್ಲವನ್ನೂ ನೋಡುತ್ತಿದ್ದರು. ಒಳಗಿನ ಕುರ್ಚಿಗಳ ಕಾಲಿಗೆ ಕಟ್ಟಿಗೆಯ ತುಂಡು ಬಡಿಸಿ ಎತ್ತರ ಮಾಡಿಸಿದ್ದರು. ಕುಳಿತವರು ಯಾರ ಕೈಯನ್ನೂ ಕೇಳದೆ ಏಳಬೇಕು ಎಂದು.

ನಾನು ಡೈರಿ ಬಿಚ್ಚಿ ಬಿ.ಪಿ., ಸಕ್ಕರೆ, ನಿದ್ದೆ ಎಲ್ಲ ಓದತೊಡಗಿದೆ. ಬಾಯಾರು ಒಂದು ಬೆರಳು ಎತ್ತಿದರು. ಅಷ್ಟೇ. ನಾನು ನಿಲ್ಲಿಸಿದೆ. ಅವರು ಆಯಿಯ ಕಡೆ ಬಾಗಿ ಕೇಳಿದರು: "ಅಮ್ಮಾರ, ನಿಮಗ ಏನು ಮಾಡಾಕ ಆಗಬೇಕು?"

ಏನು ನೋವು ಎಂದು ಕೇಳಲಿಲ್ಲ. ಏನು ಮಾಡಾಕ ಆಗಬೇಕು ಎಂದು ಕೇಳಿದರು. ಆಯಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ, ಮತ್ತೆ ಬೆರಳು ಎದ್ದಿತು. ಆಮೇಲಿನ ಮೌನ ಎಷ್ಟು ಉದ್ದವಿತ್ತೆಂದರೆ ಪಕ್ಕದ ಅಂಗಡಿಯಲ್ಲಿ ಯಾರೋ ಚಿಲ್ಲರೆ ಎಣಿಸುವುದು ಕೇಳುತ್ತಿತ್ತು. ಕೊನೆಗೆ ಆಯಿ ಹೇಳಿದಳು:

"ಬ್ಯಾಡಗಿ ಪ್ಯಾಟ್ಯಾಗ ಒಮ್ಮಿ ಕುಂದರಬೇಕ್ರಿ. ಮೆಣಸಿನಕಾಯಿ ವಾಸನಿ ತಗೋಬೇಕು. ಇವರು ಬಿಡವಲ್ಲರು."

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನನ್ನ ಅಜ್ಜ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದವರು. ಆಯಿ ಅಂಗಡಿಯ ಹಿಂದಿನ ಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು. ಅವಳು ಈ ಮಾತನ್ನು ನನಗೂ ಹೇಳಿದ್ದಳು, ಒಂದಲ್ಲ ಹತ್ತು ಸಲ. ಕೆಮ್ಮು ಬರುತ್ತದೆ, ಧೂಳು, ನೂಕುನುಗ್ಗಲು ಎಂದು ನಾನು ಪ್ರತಿಸಲವೂ ತಳ್ಳಿಹಾಕಿದ್ದೆ. ಡೈರಿಯಲ್ಲಿ ಬರೆದಿರಲೂ ಇಲ್ಲ. ಅದು ಎಣಿಸುವಂಥದ್ದಾಗಿರಲಿಲ್ಲವಲ್ಲ.

ಆಮೇಲೆ ಬಾಯಾರು, "ಚೀಲಾ ಕೊಡ್ರಿ" ಅಂದರು. ಅವರ ಹತ್ತಿರ ಬರುವವರು ಮನೆಯಲ್ಲಿರುವ ಔಷಧವನ್ನೆಲ್ಲ, ಹಳೆಯದು ಹೊಸದು ಎನ್ನದೆ, ಒಂದು ಚೀಲದಲ್ಲಿ ಹಾಕಿಕೊಂಡು ಬರಬೇಕು. ಚೀಲವನ್ನು ಸ್ಟೀಲಿನ ತಾಟಿನಲ್ಲಿ ಸುರಿದುಕೊಂಡು, ಜೋಳದಲ್ಲಿ ಹರಳು ಆರಿಸುವ ಹಾಗೆ ಬೆರಳಿನಿಂದ ಬೇರೆ ಮಾಡುತ್ತಿದ್ದರು. ಆ ದಿನ ಎರಡು ಗುಳಿಗೆ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನನಗೆ ತೋರಿಸಿದರು. ಎರಡು ಬೇರೆ ದವಾಖಾನೆಗಳಲ್ಲಿ ಬರೆದುಕೊಟ್ಟ, ಎರಡು ಬೇರೆ ಹೆಸರಿನ, ಒಂದೇ ಬಿ.ಪಿ. ಗುಳಿಗೆ. ಆಯಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ನಿಂತಾಗ ಅದು ಸರ್ರನೆ ಇಳಿಯುತ್ತಿತ್ತು. ಒಂದು ಗುಳಿಗೆಯಿಂದ ತಲೆ ತಿರುಗುವುದು, ತಲೆ ತಿರುಗುವುದಕ್ಕೆ ಮತ್ತೊಂದು ಗುಳಿಗೆ, ಅದರಿಂದ ಮಂಪರು, ಮಂಪರಿನಲ್ಲಿ ಬಚ್ಚಲಿಗೆ ಹೋಗಿ ಬೀಳುವುದು. "ಇದು ವಯಸ್ಸಲ್ಲ, ತಂಗಿ. ಇದು ನಾವು" ಅಂದರು. ನಾವು ಅಂದರೆ ಡಾಕ್ಟರುಗಳು ಎಂದು ಅವರ ಅರ್ಥ. ನನಗೆ ನಾವು ಅಂದರೆ ನಾನು ಎಂದೇ ಕೇಳಿಸಿತು.

ಎಲ್ಲವನ್ನೂ ಒಮ್ಮೆಲೇ ಬಿಡಿಸಲಿಲ್ಲ. ಒಂದು ಬಿಡಿಸಿ, ಕೆಲವು ವಾರ ಕಾದು, ನೋಡಿ, ಮತ್ತೊಂದು. ಪಕ್ಕದ ಅಂಗಡಿಯ ಕಾಕಾ, ಅಂದರೆ ಅವರ ಯಜಮಾನರು, ಚೀಟಿ ನೋಡಿ ಹಣೆ ಬಡಿದುಕೊಳ್ಳುತ್ತಿದ್ದರು. "ನೋಡ್ರಿ ನನ್ನ ನಸೀಬು. ನಾ ಅಂಗಡಿ ತೆಗದು ಮಾರತೇನಿ, ಅಕಿ ಬಾಜೂಕ ಕುಂತು ಬಿಡಸತಾಳ. ಲಗ್ನದಾಗ ಗುರುಗಳು ಹೇಳಲೇ ಇಲ್ಲ." ಒಳಗಿನಿಂದ ಬಾಯಾರ ದನಿ ಬರುತ್ತಿತ್ತು: "ಸೋಪು ಮಾರ್ರಿ, ಬಿಸ್ಕೀಟು ಮಾರ್ರಿ. ಯಾರು ಬ್ಯಾಡ ಅಂದಾರ?" ಈ ಜಗಳ ಕೇಳಲಿಕ್ಕೆಂದೇ ಕೆಲವು ಮುದುಕರು ಔಷಧ ಮುಗಿಯುವ ಮೊದಲೇ ಬರುತ್ತಿದ್ದರು.

ಮೊದಲ ಸಲ ಅಲ್ಲಿಗೆ ಹೋಗಿ ಬಂದ ವಾರ ನಾನು ಒಂದು ದಿನ, ಆಯಿಗೆ "ಲಗೂ" ಎಂದು ಎಷ್ಟು ಸಲ ಹೇಳುತ್ತೇನೆ ಎಂದು ಡೈರಿಯಲ್ಲಿ ಗೀಟು ಹಾಕಲು ಶುರುಮಾಡಿದೆ. ಲಗೂ ಏಳು, ಲಗೂ ನುಂಗು, ಲಗೂ ಹೇಳು. ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಪುಟ ಗೀಟುಗಳಾದವು. ಪೆನ್ನು ಮುಚ್ಚಿಟ್ಟೆ. ನನ್ನ ಡೈರಿಗಳಲ್ಲಿ ಅರ್ಧಕ್ಕೆ ನಿಂತ ಲೆಕ್ಕ ಅದೊಂದೇ.

ಗುಳಿಗೆ ನಾಲ್ಕಕ್ಕೆ ಬಂದು ನಿಂತಾಗ ಆಯಿ ಹಗಲು ತೂಕಡಿಸುವುದನ್ನು ಬಿಟ್ಟಿದ್ದಳು. ಟಿ.ವಿ.ಯವರಿಗೆ ಬೈಯತೊಡಗಿದ್ದಳು. ಮೆಣಸಿನಕಾಯಿ ಹರಾಜಾಗುವ ಒಂದು ಟೆಂಡರಿನ ದಿನ ಬ್ಯಾಡಗಿಗೆ ಕರೆದುಕೊಂಡು ಹೋದೆ. ಪರಿಚಯದವರ ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕೂರಿಸಿದರು. ಸುತ್ತ ಕೆಂಪು ರಾಶಿ, ಬಂದವರೆಲ್ಲ ಸೀನುತ್ತಿದ್ದರು, ನನ್ನ ಕಣ್ಣು ಮೂಗು ಹರಿಯುತ್ತಿತ್ತು. ಆಯಿಗೆ ಒಂದು ಕೆಮ್ಮೂ ಬರಲಿಲ್ಲ. ಒಂದು ಚೀಲಕ್ಕೆ ಕೈ ಹಾಕಿ, ಕಾಯಿಯನ್ನು ಬೆರಳಲ್ಲಿ ಒತ್ತಿ, ಮೂಗಿಗೆ ಹಿಡಿದು, ಅಂಗಡಿಯವನಿಗೆ ಎಲ್ಲರಿಗೂ ಕೇಳುವಂತೆ, "ತಮ್ಮಾ, ಇದು ಮೆಣಸಿನಕಾಯೋ, ಕಲ್ಲಂಗಡಿಯೋ? ತೂಕಕ್ಕಂತ ಎಷ್ಟ ಕೊಡಾ ನೀರು ಹೊಡದೀರಿ?" ಅಂದಳು. ಜನ ನಕ್ಕರು. ಅವನೂ ನಕ್ಕ. ಬರುವಾಗ ಒಂದು ಹಿಡಿ ಡಬ್ಬಿ ಜಾತಿಯ ಮೆಣಸಿನಕಾಯಿ ಬಾಯಾರಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಬಾಯಾರು ಅದನ್ನು ಮೂಸಿ, ಒಂದೇ ಸಮನೆ ಸೀನಿ, ಮೇಜಿನ ಮೇಲಿನ ಕಾಗದವನ್ನೆಲ್ಲ ಹಾರಿಸಿಬಿಟ್ಟರು. ಅವರಿಗೆ ಖಾರ ಆಗುತ್ತಲೇ ಇರಲಿಲ್ಲ. ರೊಟ್ಟಿಯ ಜೊತೆ ಮೊಸರು ಸಕ್ಕರೆ ತಿನ್ನುತ್ತಿದ್ದರು.

ಅವರನ್ನು ದೇವರಂತೆ ಮಾಡಿ ಬರೆದರೆ ಅವರೇ ಬೆರಳೆತ್ತಿಯಾರು. ಅವರಲ್ಲಿ ಕಾಯುವುದು ದೊಡ್ಡ ಶಿಕ್ಷೆಯಾಗಿತ್ತು. ಕರ್ಜಗಿಯಿಂದ ಬಸ್ಸಿನಲ್ಲಿ ಬಂದ ಒಬ್ಬರು, ಹೊತ್ತು ಮುಳುಗುವವರೆಗೂ ಕಾದು, ಬೈಯುತ್ತ ಎದ್ದುಹೋದದ್ದನ್ನು ನಾನೇ ನೋಡಿದ್ದೇನೆ. ಫೋನು ಮಾಡಿದರೆ ಸಿಡುಕುತ್ತಿದ್ದರು. ತಪ್ಪೂ ಮಾಡುತ್ತಿದ್ದರು. ಗುತ್ತಲದ ಒಬ್ಬ ಅಜ್ಜನಿಗೆ ಮೂತ್ರ ಹೋಗುವ ಗುಳಿಗೆ ಬಿಡಿಸಿ, ಅವರ ಕಾಲು ಬಾತುಕೊಂಡು ಬಂದಾಗ, ಆ ಮನೆಯವರೆಲ್ಲರ ಎದುರು, "ನಂದ ತಪ್ಪಾತು. ನಾ ಅವಸರ ಮಾಡಿದೆ" ಎಂದು ಹೇಳಿ ಗುಳಿಗೆ ಮತ್ತೆ ಶುರುಮಾಡಿದರು. ಬಿದ್ದು ಸೊಂಟ ಮುರಿದುಕೊಂಡ ಒಬ್ಬ ಅಮ್ಮನನ್ನು ಅರ್ಧ ಗಂಟೆಯೂ ಇಟ್ಟುಕೊಳ್ಳದೆ ತಾವೇ ಗಾಡಿ ತರಿಸಿ ಆಪರೇಷನ್ನಿಗೆ ಕಳಿಸಿದ್ದರು. "ಸಾವಕಾಶ ಅಂದ್ರ ಕೈ ಕಟಗೊಂಡು ಕೂಡೂದು ಅಂತ ತಿಳದೀರೇನು?" ಎಂದು ಆ ದಿನ ನನ್ನ ಮೇಲೆ ರೇಗಿದ್ದರು.

ನನ್ನ ದೊಡ್ಡಪ್ಪ ಹಾವೇರಿಯಲ್ಲಿರುವವರು. ಅವರಿಗೆ ಈ ಬಾಯಾರ ರೀತಿ ಹಿಡಿಸಲಿಲ್ಲ. ಆಯಿಯ ಹೃದಯದ ಒಂದು ಕವಾಟ ಬಿರುಸಾಗಿದೆ ಎಂದು ಹಿಂದೆ ಯಾರೋ ಹೇಳಿದ್ದರು. ಅದಕ್ಕೆ ದೊಡ್ಡ ಊರಿಗೆ ಒಯ್ದು ಎಲ್ಲ ತಪಾಸಣೆ ಮಾಡಿಸಿ, ಆಗುವುದಾದರೆ ಆಪರೇಷನ್ ಮಾಡಿಸಿಬಿಡಬೇಕು ಎಂಬುದು ದೊಡ್ಡಪ್ಪನ ಹಟ. ಒಂದು ಭಾನುವಾರ ಫೈಲು ಹಿಡಿದುಕೊಂಡು ಬಂದು ಬಾಯಾರ ಎದುರು ಕುಳಿತರು.

"ನಾಳೆ ಏನರ ಆತಂದ್ರ ಮಂದಿ ನನಗ ಕೇಳತಾರ್ರಿ. ಹಿರೇಮಗ ಏನು ಮಾಡಿದಾ ಅಂತಾರ."

"ಅಂತಾರ್ರಿ" ಅಂದರು ಬಾಯಾರು. "ಒಯ್ಯೂದಿದ್ದರ ಒಯ್ರಿ, ಚೀಟಿ ನಾನ ಬರಕೊಡತೇನಿ. ಆದರ ಒಂದು ಕೇಳತೇನಿ, ಸಿಟ್ಟ ಮಾಡಬ್ಯಾಡ್ರಿ. ಅಮ್ಮಾರ ಸಲುವಾಗಿ ಒಯ್ಯಾಕತ್ತೀರೋ, ನಿಮ್ಮ ಮನಸ್ಸಿನ ಸಲುವಾಗಿ ಒಯ್ಯಾಕತ್ತೀರೋ?"

ದೊಡ್ಡಪ್ಪ ಸಿಟ್ಟು ಮಾಡಿದರು. ಕೆಂಪಾದರು. ಬಾಯಾರು ಅವರಿಗೆ ನೀರು ತರಿಸಿಕೊಟ್ಟು, ಕುಡಿಯುವವರೆಗೆ ಕಾದು, ಆಮೇಲೆ ಬಹಳ ಮೆತ್ತಗೆ ಹೇಳಿದರು: "ಮನಸ್ಸಿಗೆ ಹತ್ತೂದು ಎರಡೂ ಕಡೆ ಐತ್ರಿ. ಮಾಡಿಸಿದರೂ ಹತ್ತತೈತಿ, ಬಿಟ್ಟರೂ ಹತ್ತತೈತಿ. ಅದಕ್ಕ ನನ್ನ ಹತ್ತರ ಔಷಧ ಇಲ್ಲ. ಯಾವುದು ಹೊತಗೊಂಡರ ಅವರಿಗೆ ನೋವು ಕಡಿಮಿ ಆಗತೈತೋ, ಅದನ್ನ ನಾವು ಹೊತಗೊಳ್ಳೂದು."

ಆಯಿಯನ್ನೇ ಕೇಳಿದರು. ಆಯಿ ಬೇಡವೆಂದಳು. ದೊಡ್ಡಪ್ಪ ಫೈಲು ಎತ್ತಿಕೊಂಡು ಹೋದವರು ತಿಂಗಳುಗಟ್ಟಲೆ ನಮ್ಮ ಮನೆಗೆ ಬರಲಿಲ್ಲ.

ಆ ದಿನ ಎಲ್ಲರೂ ಹೋದ ಮೇಲೆ ನಾನು ಒಂದು ಚೇಷ್ಟೆ ಮಾಡಿದೆ. ಆಯಿ ಕಾಕಾನ ಅಂಗಡಿಯಲ್ಲಿ ಕುಳಿತು ಬಿಸ್ಕೀಟು ತಿನ್ನುತ್ತಿದ್ದಳು. ಬಾಯಾರು ತಾಟು ಒರೆಸುತ್ತಿದ್ದರು. ನಾನು ಅವರದೇ ದನಿಯಲ್ಲಿ, ಬೆರಳೆತ್ತಿ, ಕೇಳಿದೆ: "ಬಾಯಾರ, ನಿಮಗ ಏನು ಮಾಡಾಕ ಆಗಬೇಕು?"

ಅವರು ನಕ್ಕರು. ನಂತರ, ಬೇರೆಯವರಿಗೆ ಕೊಡುತ್ತಿದ್ದಂಥದ್ದೇ ಉದ್ದ ಮೌನವನ್ನು ತಮಗೂ ಕೊಟ್ಟುಕೊಂಡರು. ತಾಟು ಒರೆಸುವುದು ನಿಂತಿತ್ತು.

"ಮುಂಜಾನೆ ಇವರು ಅಂಗಡಿ ಶಟರ್ ಎತ್ತತಾರಲಾ, ಗಡಗಡ ಅಂತ. ಅದು ಕೇಳೂವಂಥಾ ಜಾಗಾದಾಗ ಇರಬೇಕು ನೋಡು. ಇಷ್ಟು ವರ್ಷ ಅದಕ್ಕ ಎಚ್ಚರ ಆಗಿ ಅದಕ್ಕ ಬೈದೇನಿ. ಎಣ್ಣಿ ಬಿಡ್ರಿ, ಎಣ್ಣಿ ಬಿಡ್ರಿ ಅಂತ. ಕಡೀಕ ಅದು ಕೇಳಿದರ ಸಾಕು. ನಳಿಗಿ ಪಳಿಗಿ ಹಾಕಿ ಎಲ್ಲೆರ ದವಾಖಾನಿ ಗಾಜಿನ ಒಳಗ ಇಡಬಾರದು."

"ಕಾಕಾರಿಗೆ ಹೇಳೀರೇನ್ರಿ?"

"ಅವರು ಎಂದೂ ಕೇಳಿಲ್ಲಲಾ" ಅಂದರು. ಮತ್ತೆ ನಕ್ಕು ತಾಟನ್ನು ಗೋಡೆಗೆ ಒರಗಿಸಿಟ್ಟರು.

ಆ ಸಂಜೆ ಡೈರಿಯಲ್ಲಿ ನಾನು ಬರೆದದ್ದು: ಆಯಿಯ ಬಿ.ಪಿ. ಮಲಗಿದಾಗ, ನಿಂತಾಗ. ಗುಳಿಗೆ ನಾಲ್ಕು. ದೊಡ್ಡಪ್ಪ ಬಂದಿದ್ದರು. ಆಟೋ ಸಿಗಲು ತಡವಾಯಿತು. ಅಷ್ಟೇ.

ಕಳೆದ ಚಳಿಗಾಲದಲ್ಲಿ ಬಾಯಾರಿಗೆ ಪಾರ್ಶ್ವವಾಯು ಹೊಡೆಯಿತು. ಸ್ಕೂಟರಿನ ಮೇಲಲ್ಲ, ತಮ್ಮ ಕೋಣೆಯಲ್ಲೇ, ಒಬ್ಬ ಅಜ್ಜನ ಬಿ.ಪಿ. ಪಟ್ಟಿ ಸುತ್ತುತ್ತಿದ್ದಾಗ. ಕಾಕಾ ಒಂದು ನಿಮಿಷವೂ ತಡಮಾಡದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ಅದು ಸರಿಯೇ. ಬಾಯಾರೇ ಎಚ್ಚರವಿದ್ದಿದ್ದರೂ ಹಾಗೆಯೇ ಮಾಡಿಸುತ್ತಿದ್ದರು. ಅಲ್ಲಿನ ಡಾಕ್ಟರುಗಳು ಒಳ್ಳೆಯವರು. ಮಾಡುವುದನ್ನೆಲ್ಲ ಮಾಡಿದರು. ಆದರೆ ಹೊಡೆತ ದೊಡ್ಡದಿತ್ತು. ಮಾತು ಹೋಗಿತ್ತು, ನುಂಗಲು ಬರುತ್ತಿರಲಿಲ್ಲ, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದ್ದರು. ವಾರಗಳಾದವು. ಎದೆಯಲ್ಲಿ ಕಫ ಕಟ್ಟಿತು, ಸೋಂಕಾಯಿತು. ಗಂಟಲಿಗೆ ರಂಧ್ರ ಮಾಡಿ ಉಸಿರಿನ ದಾರಿ ಮಾಡಬೇಕು, ಹೊಟ್ಟೆಗೆ ನೇರವಾಗಿ ಇನ್ನೊಂದು ನಳಿಗೆ ಹಾಕಬೇಕು ಎಂದರು. ಹಾಗೆ ಮಾಡಿದರೆ ಕೆಲವು ತಿಂಗಳು ಇರಬಹುದು, ಎಚ್ಚರ ಬರುವ ಭರವಸೆ ಮಾತ್ರ ಬಹಳ ಕಡಿಮೆ ಎಂದೂ ಮುಚ್ಚಿಡದೆ ಹೇಳಿದರು. ಒಪ್ಪಿಗೆಗೆ ಕಾಕಾನ ಸಹಿ ಬೇಕಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಆ ದಿನ ನಾನು ನೋಡಲು ಹೋಗಿದ್ದೆ. ಗಾಜಿನ ಬಾಗಿಲಿನ ಹೊರಗೆ ಕುರ್ಚಿಗಳ ಸಾಲಿನಲ್ಲಿ ಕಾಕಾ ಒಬ್ಬರೇ ಕುಳಿತಿದ್ದರು. ತಗ್ಗಾದ ಕುರ್ಚಿಗಳು. ಏಳಲು ಅವರಿಗೆ ನನ್ನ ಕೈ ಬೇಕಾಯಿತು.

"ಏನು ಮಾಡಲವಾ?" ಅಂದರು. "ಊರ ಮಂದಿಗೆಲ್ಲಾ ಅಕಿ ಕೇಳತಿದ್ಲು, ಏನು ಬೇಕು, ಏನು ಬೇಕು ಅಂತ. ನಾ ಅಕಿನ್ನ ಒಂದಿನಾನೂ ಕೇಳಲಿಲ್ಲ. ನಿನ್ನ ಮುಂದ ಏನರ ಅಂದಿದ್ಲೇನು?"

ನಾನು ಗಾಜಿನ ಕಡೆ ನೋಡಿದೆ. ಒಳಗೆ ಅವರ ಪಾದ ಮಾತ್ರ ಕಾಣುತ್ತಿತ್ತು. ಹೇಳಬಾರದು ಅನ್ನಿಸಿತು. ಇದು ಒಂದು ಚೇಷ್ಟೆಯ ಹೊತ್ತಿನ ಮಾತು, ಇಷ್ಟು ಭಾರ ಹೊರಲಾರದು ಅನ್ನಿಸಿತು. ಹೇಳದಿದ್ದರೆ ಅದನ್ನು ಬಲ್ಲವರು ಯಾರೂ ಇಲ್ಲ ಎಂದೂ ಅನ್ನಿಸಿತು. ಹೇಳಿದೆ. ಶಟರ್, ಎಣ್ಣೆ, ಗಾಜು, ಎಲ್ಲ.

"ಎಣ್ಣಿ ಬಿಡ್ರಿ ಅಂತಿದ್ಲು, ಹೌದು" ಅಂದರು ಕಾಕಾ. ಒಳಗೆ ಹೋಗಿ ಡಾಕ್ಟರೊಂದಿಗೆ ಮಾತಾಡಿ ಬಂದರು. ಮರುದಿನ ಬಾಯಾರನ್ನು ಮನೆಗೆ ಕರೆತಂದರು. ನೋವಾಗದಂತೆ, ಉಸಿರು ಕಟ್ಟದಂತೆ ಏನೇನು ಮಾಡಬೇಕೋ ಅದನ್ನು ಆಸ್ಪತ್ರೆಯವರೇ ಬರೆದುಕೊಟ್ಟರು. ಅಂಗಡಿಯ ಮೇಲಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಮಂಚ ಹಾಕಿದರು. ದಿನವೂ ಬೆಳಿಗ್ಗೆ ಕಾಕಾ ಕೆಳಗಿಳಿದು ಶಟರ್ ಎತ್ತುತ್ತಿದ್ದರು. ಎಣ್ಣೆ ಬಿಡಲಿಲ್ಲ. ಆ ಹೊತ್ತಿಗೆ ನಾನು ಮೇಲೆ ಬಾಯಾರ ಪಕ್ಕ ನಿಂತು ಅವರ ಮುಖ ನೋಡುತ್ತಿದ್ದೆ. ಮೊಳಕೆ ನೋಡುವ ಹಾಗೆ ನೋಡುತ್ತಿದ್ದೆ. ರೆಪ್ಪೆ ಅಲುಗಿದ್ದು ಸದ್ದಿಗೋ, ಸುಮ್ಮನೆಯೋ, ನನಗೆ ಹೇಳಲು ಬರುವುದಿಲ್ಲ. ಕಾಕಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು, "ಕೇಳಿಸ್ತೇನು?" ನಾನು ಹೌದು ಎನ್ನುತ್ತಿದ್ದೆ. ಒಂದು ವಾರ ಕಳೆಯುವುದರೊಳಗೆ, ಶಟರ್ ಎತ್ತಿದ ಸ್ವಲ್ಪ ಹೊತ್ತಿಗೆ, ಬಾಯಾರು ಹೋದರು.

"ನನಗಿಂತ ಮೊದಲ ಹ್ವಾದ್ಲು" ಅಂದಳು ಆಯಿ. "ಜಲ್ಮದಾಗ ಒಮ್ಮಿ ಗಡಿಬಿಡಿ ಮಾಡಿದ್ಲು ನೋಡು, ಅದೂ ಇದರಾಗ." ಎರಡು ದಿನ ಅವಳು ರೊಟ್ಟಿಯ ಜೊತೆ ಖಾರ ಹಚ್ಚಿಕೊಳ್ಳಲಿಲ್ಲ.

ಊರು ಸುಮ್ಮನಿರಲಿಲ್ಲ. ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಬಂದವರಲ್ಲಿ ಒಬ್ಬರು ನನ್ನ ಹಿಂದೆಯೇ ನಿಂತು, "ಊರಿಗೆಲ್ಲಾ ಔಷಧ ಮಾರಾಂವ, ಹೇಣ್ತಿಗೆ ನಾಕ ದಿನಾ ಹೆಚ್ಚಿಗಿ ಮಾಡಿಸಾಕ ಆಗಲಿಲ್ಲ" ಅಂದರು. ಕಾಕಾನಿಗೆ ಕೇಳಿಸಿತು ಎಂದು ಅವರ ಕುತ್ತಿಗೆ ತಗ್ಗಿದ್ದರಿಂದ ಗೊತ್ತಾಯಿತು. ದೊಡ್ಡಪ್ಪನೂ ಬಂದಿದ್ದರು. ನಾನು ಹೇಳಿದ ಸಂಗತಿ ಹೇಗೋ ಅವರಿಗೆ ಮುಟ್ಟಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ನೀ ಯಾಕ ನಡುವ ಬಾಯಿ ಹಾಕಿದಿ? ನಿನಗೇನು ಸಂಬಂಧ? ನಾಳೆ ಆ ಮನುಷ್ಯಾ ಕುಂತು ಯೋಚನಿ ಮಾಡಿದರ ಯಾರಿಗೆ ಕೇಳಬೇಕು?" ಎಂದರು. ಬೈಯುವ ದನಿಯಿರಲಿಲ್ಲ. ಅವರೂ ಆ ಯೋಚನೆಯನ್ನು ಹೊತ್ತು ತಿರುಗುತ್ತಿರುವವರೇ. ಆಯಿ ಕೆಮ್ಮಿದಾಗಲೆಲ್ಲ ನನಗೆ ಫೋನು ಮಾಡುತ್ತಾರೆ.

ದೊಡ್ಡಪ್ಪ ಹೇಳಿದಂತೆಯೇ ಆಯಿತು. ಈಗ ನಾನು ಆಯಿಯ ನಾಲ್ಕು ಗುಳಿಗೆ ತರಲು ಹೋದಾಗಲೆಲ್ಲ ಕಾಕಾ ಕೇಳುತ್ತಾರೆ, "ಅಕಿ ಖರೇನ ಹಂಗ ಅಂದಿದ್ಲೇನು?" ನಾನು ಖರೇ ರೀ ಎನ್ನುತ್ತೇನೆ. ಮನೆಗೆ ಬರುವ ದಾರಿಯಲ್ಲಿ ನನಗೇ ಅನುಮಾನ ಬರುತ್ತದೆ. ಶಟರ್ ಸದ್ದು ಕೇಳಿದರೆ ಸಾಕು ಅಂದರೋ, ಚಲೋ ಅಂದರೋ? ನಳಿಗೆ ಹಾಕಿ ಗಾಜಿನ ಒಳಗೆ ಇಡಬಾರದು ಅಂದದ್ದು ಅವರೋ, ಅಥವಾ ಆ ದಿನ ಗಾಜಿನ ಎದುರು ನಿಂತಾಗ ನಾನೇ ಸೇರಿಸಿಕೊಂಡೆನೋ? ಗಂಟಲಿನ ರಂಧ್ರ ಮಾಡಿಸಿದ್ದರೆ ಈ ಹೊತ್ತಿಗೆ ಕಣ್ಣು ತೆರೆಯುತ್ತಿದ್ದರೇ? ನನ್ನ ಕೆಲಸದಲ್ಲಿ ಕೆಲವು ಗಟ್ಟಿ ಬೀಜಗಳಿರುತ್ತವೆ. ಗೊತ್ತುಪಡಿಸಿದ ದಿನಕ್ಕೆ ಮೊಳೆಯುವುದಿಲ್ಲ, ಸತ್ತಿರುವುದೂ ಇಲ್ಲ. ಅವನ್ನು ಕೊಳೆತವುಗಳಲ್ಲಿ ಸೇರಿಸಬಾರದು, ಬೇರೆಯೇ ಬರೆಯಬೇಕು ಎಂಬುದು ನಿಯಮ. ಇದನ್ನು ಒಮ್ಮೆ ಬಾಯಾರಿಗೆ ಹೇಳಿದಾಗ ಅವರು ಬಹಳ ಖುಷಿಪಟ್ಟು, ಬಂದವರಿಗೆಲ್ಲ ಹೇಳಿದ್ದರು. ಈಗ ಆ ಬೀಜಗಳನ್ನು ಬೇರೆ ಮಾಡುವಾಗ ಕೈ ತಡೆಯುತ್ತದೆ.

ಕಳೆದ ವಾರ ಕಾಕಾ ಬೇರೆ ಮಾತು ತೆಗೆದರು. "ನೀ ಎಲ್ಲಾ ಬರದಿಡತಿ ಅಲ್ಲೇನು? ಆ ದಿನದ್ದು ತೋರಸವಾ."

ತೋರಿಸುವುದಿಲ್ಲ ಎನ್ನಲಾಗಲಿಲ್ಲ. ಮರುದಿನ ಹಳೆಯ ಡೈರಿ ತೆಗೆದುಕೊಂಡು ಹೋದೆ. ಅಂಗಡಿಯ ಎದುರು ನಾಲ್ಕೈದು ಜನ ಚೀಟಿ ಹಿಡಿದು ನಿಂತಿದ್ದರು. ಕಾಕಾ ಕನ್ನಡಕ ಏರಿಸಿ, ಪುಟದ ಮೇಲೆ ಬೆರಳಿಟ್ಟು, ಒಂದೊಂದೇ ಸಾಲು ಓದಿದರು. ಆಯಿಯ ಬಿ.ಪಿ. ಗುಳಿಗೆ ನಾಲ್ಕು. ದೊಡ್ಡಪ್ಪ. ಆಟೋ. ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

"ಇಲ್ಲಲಾ."

"ಬರೀಲಿಲ್ರಿ ಕಾಕಾ. ಅದು ಬರಿಯೂವಂಥಾದ್ದು ಅಂತ ನನಗ ಅನಸಲಿಲ್ಲ."

ಅವರು ಡೈರಿ ಮುಚ್ಚಿ ನನ್ನ ಕೈಗೆ ಕೊಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಗಲ್ಲಾದ ಹಿಂದಿನ ತಮ್ಮ ಕುರ್ಚಿಯನ್ನು, ಕಾಲಿಗೆ ಕಟ್ಟಿಗೆಯ ತುಂಡು ಬಡಿದಿದ್ದ ಎತ್ತರದ ಕುರ್ಚಿಯನ್ನು, ನನ್ನ ಕಡೆ ಸರಿಸಿದರು. ತಾವು ಕಪಾಟಿಗೆ ಒರಗಿ ನಿಂತರು. ಚೀಟಿ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು.

"ಕುಂದರವಾ" ಅಂದರು. "ಇನ್ನೊಮ್ಮಿ ಹೇಳು. ಅಕಿ ತಾಟು ಒರಸಾಕತ್ತಿದ್ಲು, ನೀ ಕೇಳಿದಿ. ಅಲ್ಲಿಂದ ಹೇಳು. ಸಾವಕಾಶ ಹೇಳು."